ಖಾಲಿ ಹೊಟ್ಟೆಯ ವಾಂತಿ

ಮಧ್ಯಾಹ್ನ ಹನ್ನೆರಡೂವರೆಗೆ ಸುಶಮೀಂದ್ರ ಬಚ್ಚಲಿನ ಗೋಡೆ ಹಿಡಿದು ಕೂತು ಎರಡನೆಯ ಸಲ ವಾಂತಿ ಮಾಡಿಕೊಂಡ. ಬಲಗಡೆ ಸೊಂಟದ ಹಿಂದೆ ಹುಟ್ಟಿದ ನೋವು ಹೊಟ್ಟೆಯನ್ನು ಬಳಸಿಕೊಂಡು ತೊಡೆಯ ಸಂದಿಗೆ ಇಳಿದಿತ್ತು. ನೋವು ಒಮ್ಮೆ ತಿರುಚಿದರೆ ಹೊಟ್ಟೆ ಒಮ್ಮೆ ಮಗುಚುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಬಚ್ಚಲಿನ ತಗಡಿನ ಬಾಗಿಲು ಮುಟ್ಟಲಾಗದಷ್ಟು ಕಾದಿದ್ದರೂ ಅವನ ಅಂಗೈಗಳು ತಣ್ಣಗಿದ್ದವು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು.

ತಾಯಿ ವೆಂಕೂಬಾಯಿ ಬಂದು ಬಾಗಿಲಲ್ಲಿ ನಿಂತರು. ಮೊದಲು ಮಗನ ಮುಖ ನೋಡಲಿಲ್ಲ, ಮೋರಿ ನೋಡಿದರು.

“ಏನ್ ತಿಂದಿ?”

“ಏನೂ ತಿಂದಿಲ್ಲಮ್ಮಾ.”

“ಇವತ್ತು ಏಕಾದಶಿ. ಮನ್ಯಾಗ ಒಲಿ ಹಚ್ಚಿಲ್ಲ. ಖಾಲಿ ಹೊಟ್ಟೀಂದ ಏನು ಬರ್ತದ? ನಾಳಿಗೆ ಕಾಯಿಪಲ್ಯಾ ತರ್ತೀನಂತ ಹೋಗಿ ಒಂದು ತಾಸು ಮಾಡಿದಿ. ಆ ಮಿರ್ಚಿ ಅಂಗಡಿ ದಾಟೇ ಬರಬೇಕಲ್ಲ ನೀನು?”

ಬ್ಯಾಂಕಿಗೆ ಹೋಗುವ ದಿನಗಳಲ್ಲಿ ಸುಶಮೀಂದ್ರ ಆ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುವುದುಂಟು. ಅದು ತಾಯಿಗೆ ಗೊತ್ತಿಲ್ಲ ಎಂದು ಇಷ್ಟು ವರ್ಷ ನಂಬಿದ್ದ. ಇವತ್ತು ಮಾತ್ರ ನಿಜವಾಗಿಯೂ ಏನೂ ತಿಂದಿರಲಿಲ್ಲ. ನಲವತ್ಮೂರು ವರ್ಷದ ಗಂಡಸು ಬಚ್ಚಲಿನ ಕಲ್ಲಿನ ಮೇಲೆ ಮಂಡಿಯೂರಿ ದೇವರಮನೆಯ ಕಡೆ ಕೈ ಚಾಚಿದ.

“ರಾಯರ ಆಣಿ ಅಮ್ಮಾ, ನೀರೂ ಕುಡದಿಲ್ಲ.”

ಆಣೆಯ ಬೆನ್ನಿಗೇ ಮೂರನೆಯ ವಾಂತಿ ಬಂತು. ವೆಂಕೂಬಾಯಿ ಬಗ್ಗಿ ನೋಡಿದರು. ಹಳದಿ ನೀರು, ಬೇರೇನೂ ಇಲ್ಲ.

“ಮೊದಲೆರಡು ಸಲಕ್ಕೇ ಎಲ್ಲಾ ಹೋಗಿರ್ತದ,” ಎಂದರು.

ಅವನ ಕಣ್ಣು ಕತ್ತಲಿಟ್ಟು ತಲೆ ಗೋಡೆಗೆ ವಾಲಿದಾಗ ವಿಚಾರಣೆ ನಿಂತಿತು. ಹೆಂಡತಿ ಶ್ರೀವಾಣಿ ಕುರುಗೋಡಿನ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಎಪ್ಪತ್ತು ವರ್ಷದ ವೆಂಕೂಬಾಯಿಯೇ ಬೀದಿಗಿಳಿದು ಆಟೋ ನಿಲ್ಲಿಸಿದರು, ಮಗನ ಕಂಕುಳಿಗೆ ಹೆಗಲು ಕೊಟ್ಟು ಎಳೆತಂದು ಕೂರಿಸಿದರು. ಮಡಿಸೀರೆಯ ಸೆರಗಿನಿಂದಲೇ ಅವನ ಬಾಯಿ ಒರೆಸಿದರು. ಒರೆಸುತ್ತ ಕಿವಿಯ ಹತ್ತಿರ ಬಗ್ಗಿ ಕೇಳಿದರು:

“ಒಂದೇ ತಿಂದಿಯೋ, ಎರಡೋ?”

ಆಸ್ಪತ್ರೆಯಲ್ಲಿ ಡಾಕ್ಟರ್ ಅರುಣಾ ಮೊದಲು ಸೂಜಿ ಚುಚ್ಚಿದರು, ಆಮೇಲೆ ಸ್ಕ್ಯಾನ್ ಮಾಡಿಸಿದರು. ಮೂತ್ರಪಿಂಡದಿಂದ ಜಾರಿದ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿತ್ತು. ಆರು ಮಿಲಿಮೀಟರ್. ನೋವು ಇಳಿಯುತ್ತಿದ್ದಂತೆ ಹೊಟ್ಟೆಯೂ ತಾನಾಗಿ ಸುಮ್ಮನಾಯಿತು. ಸುಶಮೀಂದ್ರ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ ಕೇಳಿಸಿಕೊಳ್ಳುತ್ತಿದ್ದ.

“ಕಲ್ಲು ಸೊಂಟದಾಗ ಇದ್ರ ವಾಂತಿ ಯಾಕ ಆಗ್ತದ್ರಿ?” ವೆಂಕೂಬಾಯಿ ಬಿಡಲಿಲ್ಲ. “ಹೊಟ್ಟ್ಯಾಗ ಏನಾದ್ರೂ ಇರಬೇಕಲ್ಲ?”

“ಇರಬೇಕಂತ ಏನಿಲ್ಲಮ್ಮಾ. ಕಿಡ್ನಿ ನರ, ಹೊಟ್ಟಿ ನರ ಒಂದೇ ಕಡೆ ಕೂಡ್ತಾವು. ನೋವು ತಡಕೊಳ್ಳಾಕ ಆಗದಂಗ ಬಂತಂದ್ರ ಹೊಟ್ಟಿ ತೊಳಸತೈತಿ, ಬೆವರು ಬಿಡತೈತಿ, ಕಣ್ಣಿಗೆ ಕತ್ತಲಿ ಬರತೈತಿ. ಎಲುಬು ಮುರದ್ರೂ ಅಷ್ಟ, ಹೆರಿಗಿ ನೋವಿಗೂ ಅಷ್ಟ. ತಿಂದವರಿಗೂ ಆಗತೈತಿ, ತಿನ್ನದವರಿಗೂ ಆಗತೈತಿ.”

“ತಿನ್ನದವರಿಗೂ?”

“ಹೂನ್ರಿ.”

ಸುಶಮೀಂದ್ರ ಕಣ್ಣು ತೆರೆದ. “ಕೇಳಿದೇನಮ್ಮಾ?” ಎಂದ, ಆದಷ್ಟು ಗಟ್ಟಿಯಾಗಿ.

ತಾಯಿ ಅವನ ಕಡೆ ತಿರುಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ಕೂತಿದ್ದರು. ಡಾಕ್ಟರ್ ಹಾಳೆಯ ಮೇಲೆ ಬರೆಯುತ್ತಲೇ ಮುಂದಿನ ಪ್ರಶ್ನೆ ಕೇಳಿದರು.

“ಮನ್ಯಾಗ ಹಿಂದ ಯಾರಿಗಾದ್ರೂ ಕಲ್ಲಾಗಿತ್ತೇನ್ರಿ?”

“ಕಲ್ಲಂತ ಆಗ ಯಾರು ನೋಡ್ಯಾರ,” ಎಂದರು ವೆಂಕೂಬಾಯಿ. “ಮದಿವ್ಯಾಗಿ ಸಿರುಗುಪ್ಪಕ್ಕ ಬಂದ ಎರಡನೇ ವರ್ಷ, ಏಕಾದಶಿ ದಿನಾನೇ, ನನಗೂ ಸೊಂಟಕ್ಕ ಹಿಂಗೇ ಹಿಡೀತು. ಹಿತ್ತಲದಾಗ ವಾಂತಿ ಮಾಡಿಕೊಂಡೆ. ನಮ್ಮತ್ತಿ ಬಂದು ಏನ್ ತಿಂದಿ ಅಂದ್ರು. ಕಾಲು ಮುಟ್ಟಿ ಹೇಳಿದೆ, ನಂಬಲಿಲ್ಲ. ಅವರು ಹೋಗೋ ತನಕ, ಇಪ್ಪತ್ತಾರು ವರ್ಷ, ಏಕಾದಶಿ ಬಂತಂದ್ರ ಅಡಿಗಿಮನಿಗೆ ಕೀಲಿ ಹಾಕಿಬಿಡ್ತಿದ್ರು.”

ಆ ಕೀಲಿ ಸುಶಮೀಂದ್ರನಿಗೆ ಚೆನ್ನಾಗಿ ನೆನಪಿತ್ತು. ಬೆಕ್ಕಿನ ಕಾಟಕ್ಕೆ ಎಂದು ಅಜ್ಜಿ ಹೇಳಿದ್ದಳು. ಅವನು ದೊಡ್ಡವನಾದ ಮೇಲೂ ಅದನ್ನೇ ನಂಬಿಕೊಂಡಿದ್ದ.

ಡಾಕ್ಟರ್ ಪೆನ್ನು ನಿಲ್ಲಿಸಿ ತಲೆಯೆತ್ತಿದರು. ವೆಂಕೂಬಾಯಿ ಮೇಜಿನ ಮೇಲಿನ ಹಾಳೆಯನ್ನು ಬೆರಳಿನಿಂದ ತೋರಿಸಿದರು.

“ನಿಲ್ಲಿಸಬ್ಯಾಡ್ರಿ, ಬರಕೊಳ್ರಿ. ವೆಂಕೂಬಾಯಿ ಏನೂ ತಿಂದಿದ್ದಿಲ್ಲ ಅಂತ ಬರಕೊಳ್ರಿ.”