ಮಾಟುಂಗಕ್ಕೆ ಒಂದೇ ಸ್ಟೇಷನ್ನು

ಬೈಗುಳ ಬಾಯಿಂದ ಹಾರಿದ ಮೇಲೆಯೇ ಸಾಯಬಣ್ಣನಿಗೆ ತನ್ನ ಮೌನವ್ರತ ನೆನಪಾದದ್ದು.

ಲೋಕಲ್ ಆಗತಾನೇ ದಾದರ್ ಬಿಟ್ಟಿತ್ತು. ಬೆನ್ನಿಗೆ ಯಾರದೋ ಒದ್ದೆ ಚೀಲ ಒತ್ತಿತ್ತು. ಆ ಚೀಲದವನೇ ಇವನ ಹೆಬ್ಬೆರಳನ್ನು ಮೆಟ್ಟಿ ಅರೆದಿದ್ದ.

"ಕಣ್ಣ ನೆತ್ತಿಮ್ಯಾಗ ಅದಾವೇನಲೇ, ಕೋಣಾ?"

ತಿರುಗಿ ನೋಡೋಣವೆಂದರೆ ಡಬ್ಬಿಯೊಳಗೆ ಕುತ್ತಿಗೆಗೂ ಜಾಗವಿಲ್ಲದ ಗರ್ದಿ. ಹಿಂದಿನವನೂ ಕನ್ನಡದವನೇ, ಸುಮ್ಮನಿರುವ ಪೈಕಿ ಅಲ್ಲ.

"ನಿನ್ನ ಕಾಲಿಗಂತ ಇನ್ನೊಂದು ಡಬ್ಬಿ ತರಸ್ಲೇನಲೇ, ಹಡಬಿಟ್ಟಿ?"

ಮಾಟುಂಗದಲ್ಲಿ ಇಳಿದು ಸಾಯಬಣ್ಣ ಬೆಂಚಿನ ಮೇಲೆ ಕುಸಿದ. ಶ್ರಾವಣ ಪೂರ್ತಿ ತುಟಿ ಬಿಚ್ಚಿರಲಿಲ್ಲ. ಸೆಂಟ್ರಿಂಗ್ ಕೆಲಸದಲ್ಲಿ ಹಲಗೆ ಬಿದ್ದು ಕೈ ಜಜ್ಜಿದಾಗಲೂ ಹಲ್ಲು ಕಚ್ಚಿಕೊಂಡಿದ್ದ. ಅವನ ಬಾಯಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಂದಿವಲಿಯ ಚಾಳಿನ ನೆರೆಹೊರೆಯವರು ಈಗ ಕರೆದು ಚಹಾ ಕೊಡುತ್ತಿದ್ದರು. ವ್ರತ ಮುಗಿಯುವ ದಿನ ಇವತ್ತೇ. ಗುರುಗಳು ಗಂಡನ ಕೊರಳಿಗೆ ರುದ್ರಾಕ್ಷಿ ಕಟ್ಟುತ್ತಾರೆಂದು ಹೆಂಡತಿ ಶೈಲಾ ಊರಿಗೆಲ್ಲ ಫೋನು ಮಾಡಿ ಆಗಿತ್ತು. ಇನ್ನೊಂದೇ ಸ್ಟೇಷನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಯಾರಿಗೆ ಗೊತ್ತಾಗಬೇಕು, ಹೋಗಿ ಕಟ್ಟಿಸಿಕೋ ಎಂದಿತು ಮನಸ್ಸು. ಮರುಗಳಿಗೆಯೇ ಅವನಿಗೆ ಅಳು ಬಂತು. ದೇವರ ದಾರಿ ತನ್ನಂಥವನಿಗಲ್ಲ. ಗಾಡಿಯ ಮೇಲೆ ಗಾಡಿ ಹೋದವು. ಕೊನೆಗೆ, ನಿಜ ಹೇಳಿ, ಗುರುಗಳು ಕೊಟ್ಟ ಜಪಮಾಲೆ ವಾಪಸು ಕೊಟ್ಟು, ಇನ್ನೆಂದೂ ಅವರ ಮೆಟ್ಟಿಲು ಹತ್ತಬಾರದೆಂದು ಎದ್ದ.

ಗುರು ಮರೆಪ್ಪಜ್ಜನವರ ಭಜನೆಯ ಕೋಣೆ ಹಳೆಯ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ. ಕಾವಿಯಿಲ್ಲ, ಗಡ್ಡವಿಲ್ಲ, ಧೋತರ ಉಟ್ಟು ಅಂಗಿ ತೊಟ್ಟ ಸಾದಾ ಮುದುಕರು. ಮೌನ ಹಿಡಿದು ವರ್ಷ ದಾಟಿತ್ತು. ಹೇಳುವುದೆಲ್ಲ ಪಾಟಿಯ ಮೇಲೆ, ಬಳಪದಲ್ಲಿ. ಮೊನ್ನೆ ಮೊನ್ನೆ ಶಿಷ್ಯನಾದ ಸಾಯಬಣ್ಣ ಅವರ ದನಿಯನ್ನೇ ಕೇಳಿರಲಿಲ್ಲ.

ಅಜ್ಜನವರಿಗೆ ಅಡಿಗೆ ಮಾಡಿಕೊಡುವ ಹನುಮವ್ವ ಬಾಗಿಲಲ್ಲೇ ತಡೆದಳು. ಅವನ ಕಾಲರಿಗೆ ಅಂಟಿದ್ದ ಚೆಂಡುಹೂವಿನ ಎಸಳನ್ನು ಕೊಡವಿ ಪಿಸುಗುಟ್ಟಿದಳು.

"ಅಜ್ಜಾರು ಬಜಾರದಿಂದ ಬಂದಾಗಿಂದ ಗ್ವಾಡಿಗೆ ಮಾರಿ ಮಾಡಿ ಕುಂತಾರ. ಚಾ ಸುದ್ದಾ ಮುಟ್ಟಿಲ್ಲ."

ಅಂದರೆ ಅಜ್ಜನವರಿಗೆ ಆಗಲೇ ಗೊತ್ತಾಗಿಬಿಟ್ಟಿದೆ ಎಂದುಕೊಂಡ ಸಾಯಬಣ್ಣ. ಶಿಷ್ಯ ಕೆಟ್ಟದ್ದನ್ನು ದಿವ್ಯದೃಷ್ಟಿಯಿಂದಲೇ ಕಂಡಿದ್ದಾರೆ. ಓಡಿಹೋಗಿ ಅಡ್ಡಬಿದ್ದ.

"ಅಜ್ಜಾರ, ನನ್ನ ಮೌನ ಮುರೀತ್ರಿ. ಗಾಡ್ಯಾಗ ಯಾರಿಗೋ ಬೈದ್ನಿ."

ಆ ದನಿ ಕೇಳಿದ್ದೇ ತಡ, ಅಜ್ಜನವರ ಕೈಯಿಂದ ಬಳಪ ಜಾರಿತು. ನಿಧಾನ ತಿರುಗಿದರು. ಅವನನ್ನು ಮೇಲಿಂದ ಕೆಳಗೆ ನೋಡಿ ಪಾಟಿಯ ಮೇಲೆ ಬರೆದರು: 'ಅವನೂ ಬೈದನೇ?'

"ಬೈದ್ರಿ. ನನಗಿಂತ ಚಂದ ಬೈದ."

ಅಜ್ಜನವರ ಭುಜಗಳು ಕುಣಿಯತೊಡಗಿದವು. ಸಿಟ್ಟೋ ಅಳುವೋ ಸಾಯಬಣ್ಣನಿಗೆ ತಿಳಿಯಲಿಲ್ಲ. ಪಾಟಿ ಒರೆಸಿ ಮತ್ತೆ ಬರೆದರು: 'ನಾಳೆಯಿಂದ ಹೊಸದಾಗಿ ಶುರು ಮಾಡು.'

"ಆಗಂಗಿಲ್ರಿ. ನೀವು ವರ್ಷದ ಮ್ಯಾಲ ತಡದವರು. ನಾ ಒಂದ ತಿಂಗಳ ತಡೀಲಿಲ್ಲ. ನನಗ ಇದು ಒಲಿಯಂಗಿಲ್ಲ."

ಜಪಮಾಲೆಯನ್ನು ಪಾಟಿಯ ಮೇಲಿಟ್ಟು ಎದ್ದ.

ಅಜ್ಜನವರು ಅವನ ಕೈ ಹಿಡಿದು ಕೂರಿಸಿದರು. ದೇವರ ಮುಂದಿದ್ದ ರುದ್ರಾಕ್ಷಿ ತೆಗೆದು ಅವನ ಕೊರಳಿಗೆ ಕಟ್ಟಿದರು. ಮೂಲೆಯಲ್ಲಿ ಒದ್ದೆ ಚೀಲದೊಳಗೆ ಅಪ್ಪಚ್ಚಿಯಾಗಿ ಬಿದ್ದಿದ್ದ ಚೆಂಡುಹೂಗಳ ಕಡೆ ಒಮ್ಮೆ ನೋಡಿದರು. ಪಾಟಿಯನ್ನು ಅತ್ತ ಸರಿಸಿ, ಗಂಟಲು ಸರಿಮಾಡಿಕೊಂಡರು.

"ಇಬ್ಬರೂ ಕೂಡೇ ಶುರು ಮಾಡೂಣು. ನಾಳೆ ಹೂವು ತರಾಕ ದಾದರಕ ನೀನೂ ಬಾ, ನಿನ್ನ ಕಾಲಿಗಂತ ಇನ್ನೊಂದು ಡಬ್ಬಿ ತರಸ್ತೀನಿ."