ತಗಡಿನ ಪ್ರೈಮರ್

ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ತಗಡಿಗೆ ಒಂದು, ತಗ್ಗು ತುಂಬುವ ಪುಟ್ಟಿಗೆ ಇನ್ನೊಂದು. ಈ ಬಾಗಿಲಿಗೆ ಯಾವುದನ್ನು ಹೊಡೆಯುವುದು? ಹಳೆಯ ಕಾರಿನ ಬಾಗಿಲನ್ನು ಉಜ್ಜುತ್ತಿದ್ದ ಪೇಂಟರ್ ಫಕೀರಪ್ಪನ ಕೈ ನಿಂತೇ ಹೋಯಿತು.

ಕಾರಿನ ಯಜಮಾನರಾದ ಸಾವಕಾರರು ಬೆನ್ನ ಹಿಂದೆಯೇ ನಿಂತಿದ್ದರು. "ಏನ್ ಧ್ಯಾನಕ್ಕ ಕುಂತಿಯೋ? ತಗಡಿನ ಪ್ರೈಮರ್ ಹೊಡಿ. ಮದಲನೇ ದೀಪಾವಳಿಗೆ ಅಳಿಯಗ ಕೊಡೂ ಗಾಡಿ ಇದು."

"ಪುಟ್ಟಿ ಭಾಳ ಐತ್ರಿ, ಸಾವಕಾರ್ರ. ತಪ್ಪು ಪ್ರೈಮರ್ ಬಿದ್ರ ಸಿಪ್ಪಿ ಏಳತೈತಿ."

"ಪುಟ್ಟಿ ಈಗಿನ ಗಾಡಿಗೆ. ಇದು ನಮ್ಮಪ್ಪನ ಗಾಡಿ, ಅಪ್ಪಟ ಕಬ್ಬಣ. ಎಮ್ಮಿ ಹಾಯಾಕ ಬಂದು ತನ್ನ ಕೋಡ ಮುರಕೊಂಡಿತ್ತು. ಬೀಗರ ಮುಂದ ನಿನ್ನ ಹೆಸರ ಹೇಳೀನಿ, ಫಕೀರಪ್ಪನ್ನ ಕೇಳ್ರಿ ಅಂತ."

ಫಕೀರಪ್ಪ ತಗಡಿನ ಪ್ರೈಮರನ್ನೇ ಹೊಡೆದ. ಸಾವಕಾರರು ಅಭಿಮಾನದಿಂದ ಬಾಗಿಲನ್ನು ಗುದ್ದಿ ತೋರಿಸಲು ಮುಷ್ಟಿ ಎತ್ತಿದರು. ಅವನು ಆ ಕೈಯನ್ನು ನಡುವೆಯೇ ಹಿಡಿದ.

"ಬ್ಯಾಡ್ರಿ, ಇನ್ನೂ ಹಸಿ ಐತಿ."

ಹಬ್ಬದ ದಿನ ಬೀಗರು ಅವನನ್ನು ಕರೆಸಿಯೇ ಕೇಳಿದರು. "ಗಾಡಿ ಗಟ್ಟಿ ಐತೇನಪಾ?"

"ಸಾವಕಾರ್ರ ಮಾತಿನಷ್ಟ ಗಟ್ಟಿ ಐತ್ರಿ."

ತಗಡು ಎಂದೋ ತುಕ್ಕು ಹಿಡಿದು ಉದುರಿಹೋಗಿದೆ, ಬಾಗಿಲೆಂದು ತೂಗುತ್ತಿರುವುದೆಲ್ಲ ಬರೀ ಪುಟ್ಟಿ ಎಂಬುದನ್ನು ಮಾತ್ರ ಫಕೀರಪ್ಪ ಎಂದೂ ಯಾರಿಗೂ ಹೇಳಲಿಲ್ಲ.