ಅಧ್ಯಕ್ಷರ ಷರಾ

ಹವಾಮಾನ ಹವ್ಯಾಸಿಗಳ ಕೂಟದಲ್ಲಿ ಒಂದು ಪದ್ಧತಿಯಿತ್ತು. ಯಾರ ಅಂಕಿಯ ಮೇಲಾದರೂ ಅನುಮಾನ ಬಂದರೆ ಅಧ್ಯಕ್ಷರು ಅದರ ಪಕ್ಕದಲ್ಲಿ ಕಾರಣ ಬರೆದು, ರುಜು ಹಾಕಿ, ಆಮೇಲೆ ಹೊಡೆದುಹಾಕಬೇಕು. ಈ ಭಾನುವಾರ ಅಧ್ಯಕ್ಷ ಪಾಲಾಕ್ಷಪ್ಪನವರ ಬೆರಳು ಬಂದು ನಿಂತದ್ದು ಮಾದೇವಿಯ ಅಂಕಿಯ ಮೇಲೆ.

“ಮೂವತ್ತೊಂಬತ್ತು ಡಿಗ್ರಿ, ಗಾಳೀಲಿ ತೇವ ಎಂಬತ್ನಾಲ್ಕು ಪರ್ಸೆಂಟು. ಏನಮ್ಮ, ಮೀಟರನ್ನ ಇಡ್ಲಿ ಪಾತ್ರೆ ಒಳಗಿಟ್ಟಿದ್ಯಾ?”

ಕೂಟವೆಲ್ಲ ನಕ್ಕಿತು. ಮಾದೇವಿಗೆ ಮೈಯೆಲ್ಲ ಉರಿಯಿತು. ಅವಳ ತಂಗಿ ಕೆಲಸದ ಜಾಗದಲ್ಲೇ ಕುಸಿದುಬಿದ್ದು ಆಸ್ಪತ್ರೆ ಸೇರಿ ಎಂಟು ದಿನವಾಗಿತ್ತು, ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ನೆರಳಲ್ಲೇ ಇಟ್ಟಿದ್ದು ಸಾರ್, ನೆಲದಿಂದ ನಾಲ್ಕಡಿ ಮೇಲೆ. ನೀವೇ ಕಲಿಸಿದ ಹಾಗೆ.”

“ಸುಳ್ಳು. ಇಂಥ ಸೆಕೇಲಿ ಮೈಮೇಲಿನ ಬೆವರೇ ಆರಲ್ಲ. ಅರ್ಧ ದಿನ ನಿಂತ್ರೆ ಹೆಣ ಬೀಳುತ್ತೆ. ಸುಳ್ಳು ಅಂಕಿ ತರೋರಿಗೆ ಇಲ್ಲಿ ಜಾಗ ಇಲ್ಲ.”

“ಹಾಗಂತಲೇ ಬರೀರಿ ಸಾರ್.”

“ಬರೀದೆ ಬಿಡ್ತೀನಾ?”

ಅವರು ದಪ್ಪ ಅಕ್ಷರದಲ್ಲಿ ಬರೆದರು: ‘ಇಂಥ ಸೆಕೆಯಲ್ಲಿ ಮನುಷ್ಯರು ಅರ್ಧ ದಿನ ನಿಂತರೆ ಸಾಯುತ್ತಾರೆ. ಆದ್ದರಿಂದ ಈ ಅಂಕಿ ಸುಳ್ಳು.’ ಕೆಳಗೆ ಉದ್ದಕ್ಕೆ ರುಜು ಎಳೆದರು.

ಮಾದೇವಿ ಮೊಬೈಲು ತೆಗೆದು ಆ ಪುಟದ ಫೋಟೊ ಹಿಡಿದುಕೊಂಡಳು.

“ಮೀಟರು ಎಲ್ಲಿಟ್ಟಿದ್ದೆ, ಅದನ್ನೂ ಹೇಳು. ಬರೆದು ಮುಗಿಸ್ತೀನಿ.”

“ನಿಮ್ಮ ಗಾರ್ಮೆಂಟ್ಸಲ್ಲಿ ಸಾರ್, ನನ್ನ ತಂಗಿ ದಿನಾ ಹತ್ತು ಗಂಟೆ ನಿಂತು ಇಸ್ತ್ರಿ ಮಾಡ್ತಿದ್ದ ಮೇಜಿನ ಪಕ್ಕ.”